ಎರಡು ಮೀಟರ್ ಬ್ಯಾಂಡಿನಲ್ಲಿ ದೂರದ ಸ್ಟೇಷನ್ ಹಿಡಿಯುವುದು ಹೇಗೆ

ಹವ್ಯಾಸಿ (ಹ್ಯಾಮ್) ರೇಡಿಯೊದಲ್ಲಿ ವಿಎಚ್‌ಎಫ್, ಅಂದರೆ ಅತಿ ಹೆಚ್ಚು ಆವರ್ತನದ ಅಲೆಗಳು, ಹತ್ತಿರದವರ ಜೊತೆ ಮಾತಾಡೋಕೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ದಿನನಿತ್ಯದ ಮಟ್ಟಿಗೆ ಅದು ನಿಜವೇ. 10 ಮೀಟರ್ ಎತ್ತರದ ಆಂಟೆನಾಗೆ ರೇಡಿಯೊ ದಿಗಂತ ಸುಮಾರು 13 ಕಿ.ಮೀ. ಅಷ್ಟೆ. ಆದರೆ ಅದೇ ಆಂಟೆನಾ, ಅದೇ ಪವರ್ ಇಟ್ಟುಕೊಂಡು 144 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಈ ಎರಡು ಮೀಟರ್ ಬ್ಯಾಂಡಿನಲ್ಲಿ, 2000 ಕಿ.ಮೀ. ಆಚೆಯವರ ಜೊತೆ ಮಾತಾಡುವ ದಿನಗಳೂ ಬರುತ್ತವೆ. ಆ ದಿನ ಮೇಲೆ ಒಂದು ದಾರಿ ತೆರೆದಿರುತ್ತದೆ. ಯಾವ ದಾರಿ ಅನ್ನೋದನ್ನು ಸಿಗ್ನಲ್ ಕೇಳಿಸುವ ರೀತಿಯಲ್ಲೇ ಗುರುತಿಸಬಹುದು. ಪವರ್ ಹೆಚ್ಚಿಸುವ ಲಿನಿಯರ್ ಆಂಪ್ಲಿಫೈಯರ್‌ಗೆ ದುಡ್ಡು ಸುರಿಯುವ ಮೊದಲು ಇದನ್ನು ಕಲಿಯಿರಿ.

ಸಲಕರಣೆ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಎಫ್‌ಎಂ ಬಿಡಿ, ಎಸ್‌ಎಸ್‌ಬಿ (ದುರ್ಬಲ ಸಿಗ್ನಲ್ಲಿಗೂ ಒಗ್ಗುವ ಧ್ವನಿ ವಿಧಾನ) ಅಥವಾ ಸಿಡಬ್ಲ್ಯೂ (ಮೋರ್ಸ್ ಸಂಕೇತ) ಇರುವ ರಿಗ್, ಅಂದರೆ ರೇಡಿಯೊ ಸೆಟ್, ಬೇಕು. ಯಾಗಿಯ (ಹಳೇ ಟಿವಿ ಆಂಟೆನಾದಂಥ, ಒಂದೇ ದಿಕ್ಕಿಗೆ ಮುಖ ಮಾಡುವ ಆಂಟೆನಾ) ಕಡ್ಡಿಗಳು ನೆಲಕ್ಕೆ ಸಮಾನಾಂತರವಾಗಿ ಮಲಗಿರಲಿ. ದೂರದ ಕೆಲಸ ಮಾಡುವವರೆಲ್ಲ ಹಾಗೇ ಇಡುತ್ತಾರೆ. ಉದ್ದದ ಕೇಬಲ್‌ಗೆ ಆರ್‌ಜಿ-58 ಅನ್ನುವ ತೆಳು ಕೇಬಲ್ ಬೇಡವೇ ಬೇಡ. 30 ಮೀಟರ್ ಎಳೆದರೆ ಈ ಬ್ಯಾಂಡಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪವರ್ ಕೇಬಲ್‌ನಲ್ಲೇ ಹೋಗುತ್ತದೆ.

ಈಗ ಮೊದಲನೇ ದಾರಿ, ಟ್ರೋಪೋ, ಅಂದರೆ ವಾತಾವರಣದ ಕೆಳಪದರದ ಮೂಲಕ. ಗಾಳಿಯಿಲ್ಲದ ಶುಭ್ರ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ಕೆಳಗೆ ತಂಪು ಗಾಳಿ, ಅದರ ಮೇಲೆ ಬೆಚ್ಚನೆಯ ಒಣ ಗಾಳಿಯ ಪದರ. ಈ ಎರಡೂ ಸೇರುವಲ್ಲಿ ಅಲೆ ಕೆಳಕ್ಕೆ ಬಾಗಿ ಭೂಮಿಯ ಮೈಗುಂಟ ಸಾಗುತ್ತದೆ. ಹವಾಮಾನ ನಕ್ಷೆಯಲ್ಲಿ ಅಧಿಕ ಒತ್ತಡದ ಪ್ರದೇಶ ಬಂದು ನಿಂತಿದ್ದರೆ ಆಸೆ ಇಟ್ಟುಕೊಳ್ಳಬಹುದು. ನಾನು ಮುಂಜಾನೆ ಹೊಗೆ ನೋಡುತ್ತೇನೆ. ನೆಟ್ಟಗೆ ಮೇಲೇರಿ, ಒಂದು ಎತ್ತರದಲ್ಲಿ ತಡೆ ಸಿಕ್ಕಂತೆ ಅಡ್ಡಡ್ಡ ಹರಡಿಕೊಂಡರೆ ಆ ಪದರ ಅಲ್ಲೇ ಇದೆ ಅಂತ ಅರ್ಥ. ಟ್ರೋಪೋ ಸಿಗ್ನಲ್ ನಿಧಾನಕ್ಕೆ ಏರುತ್ತದೆ, ನಿಧಾನಕ್ಕೆ ಇಳಿಯುತ್ತದೆ, ಗಂಟೆಗಟ್ಟಲೆ ಇರುತ್ತದೆ. ಅವಸರ ಬೇಡ. ಸಮುದ್ರದ ಮೇಲಂತೂ ಇದರ ಆಟವೇ ಬೇರೆ: ಕ್ಯಾಲಿಫೋರ್ನಿಯಾದಿಂದ ಹವಾಯಿಗೆ, ಸುಮಾರು 4000 ಕಿ.ಮೀ., ಹವ್ಯಾಸಿಗಳು ಹೀಗೇ ಮಾತಾಡಿದ್ದಾರೆ.

ಎರಡನೆಯದು ನನಗೆ ಎಲ್ಲಕ್ಕಿಂತ ಇಷ್ಟ, ಸ್ಪೊರಾಡಿಕ್-ಇ. ಉಲ್ಕೆಗಳು ಉರಿದು ಬಿಟ್ಟುಹೋದ ಕಬ್ಬಿಣ, ಮೆಗ್ನೀಶಿಯಂ ಅಯಾನುಗಳನ್ನು ಸುಮಾರು 100 ಕಿ.ಮೀ. ಎತ್ತರದ ಗಾಳಿಗಳು ತೆಳು ಪದರವಾಗಿ ಒಟ್ಟುಗೂಡಿಸುತ್ತವೆ. ಉತ್ತರಾರ್ಧಗೋಳದಲ್ಲಿ ಮೇ ತಿಂಗಳಿಂದ ಆಗಸ್ಟ್‌ವರೆಗೆ ಇದರ ಕಾಲ. ಅಲೆ ಆ ಪದರದಿಂದ ಭೂಮಿಗೆ ಮರಳಿ, ಒಂದು ಜಿಗಿತಕ್ಕೆ 2000 ಕಿ.ಮೀ. ದಾಟುತ್ತದೆ.

ಇದನ್ನು ಕಾಯಲು ಒಂದು ಕ್ರಮವಿದೆ. ಮೊದಲು 50 ಮೆಗಾಹರ್ಟ್ಸ್ ಕೇಳಿ. ಅಲ್ಲಿ ಸಾವಿರದೈನೂರು ಕಿ.ಮೀ. ದೂರದವರು ಬರುತ್ತಿದ್ದರೆ ಅದು ಮಾಮೂಲಿ. ದೂರ ಕಮ್ಮಿಯಾಗುತ್ತಾ 500-600 ಕಿ.ಮೀ.ಗೆ ಇಳಿದರೆ ಕುರ್ಚಿ ಬಿಟ್ಟು ಏಳಬೇಡಿ, ಪದರ ದಟ್ಟವಾಗುತ್ತಿದೆ. ಆಮೇಲೆ ಸುಮ್ನೆ ಒಂದು ಎಫ್‌ಎಂ ರೇಡಿಯೊ ತಿರುಗಿಸಿ. 88ರಿಂದ 108ರ ಮಧ್ಯೆ ಗೊತ್ತಿಲ್ಲದ ದೂರದ ಸ್ಟೇಷನ್‌ಗಳು ನುಗ್ಗುತ್ತಿದ್ದರೆ ಮುಂದಿನ ಸರದಿ 144ರದ್ದು. ಯಾಗಿಯನ್ನು ಅದೇ ದಿಕ್ಕಿಗೆ ತಿರುಗಿಸಿ ಕಾಯಿರಿ.

ಸಿಗ್ನಲ್ ಬರುವ ರೀತಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಬರೀ ಸರಸರ ಸದ್ದು, ಸಿಗ್ನಲ್ ಬಲ ತೋರಿಸುವ ಎಸ್-ಮೀಟರ್ ಮುಳ್ಳು ತಳದಲ್ಲಿ. ಮರುಕ್ಷಣ ಮುಳ್ಳು ಎಸ್-9 ದಾಟಿರುತ್ತದೆ, ಪಕ್ಕದ ಕೋಣೆಯಿಂದ ಕರೆದ ಹಾಗೆ ಒಂದು ದನಿ. ಎರಡು ನಿಮಿಷಕ್ಕೆ ಮಾತಿನ ನಡುವೆಯೇ ಮಾಯ! ಹಾಗಾಗಿ ಹವಾಮಾನ, ಆಂಟೆನಾ ಅಂತ ಹರಟಬೇಡಿ. ಕಾಲ್‌ಸೈನ್ (ನಿಮ್ಮ ಸ್ಟೇಷನ್ ಗುರುತು), ರಿಪೋರ್ಟ್ (ಸಿಗ್ನಲ್ ಹೇಗೆ ಕೇಳಿಸುತ್ತಿದೆ ಅಂತ), ಲೊಕೇಟರ್ (ನೀವಿರುವ ಜಾಗದ ಸಂಕೇತ), ಮುಗೀತು. ಇನ್ನೊಬ್ಬರಿಗೂ ಅವಕಾಶ ಸಿಗಬೇಕಲ್ವಾ?

ಉಲ್ಕೆಯ ಬೆಂಕಿಗೆರೆಯಿಂದ ಚಿಮ್ಮುವ ಸಿಗ್ನಲ್ ಇನ್ನೂ ಚಿಕ್ಕದು: 'ಪಿಂಗ್' ಅಂತ ಸೆಕೆಂಡಿಗಿಂತ ಕಮ್ಮಿ. ಮಾತಿಗೆ ಸಾಲದು, ಕಂಪ್ಯೂಟರ್ ಬೇಕು. 1993ರ ಭೌತಶಾಸ್ತ್ರದ ನೊಬೆಲ್ ಪಡೆದ ಜೋ ಟೇಲರ್ ಅವರೇ ಹವ್ಯಾಸಿಗಳಿಗಾಗಿ ಶುರು ಮಾಡಿದ ಉಚಿತ ತಂತ್ರಾಂಶ ಡಬ್ಲ್ಯೂಎಸ್‌ಜೆಟಿ-ಎಕ್ಸ್‌ನಲ್ಲಿ ಎಂಎಸ್‌ಕೆ144 ಅನ್ನುವ ಮೋಡ್ ಇದೆ, ಅದು ಇದಕ್ಕೆಂದೇ ಇರುವುದು. ಆಗಸ್ಟ್ 12-13ರ ಪರ್ಸೀಡ್, ಡಿಸೆಂಬರ್ 13-14ರ ಜೆಮಿನಿಡ್ ಉಲ್ಕಾವೃಷ್ಟಿಯಲ್ಲಿ ಸುಗ್ಗಿ. ಉಳಿದ ದಿನ ಬೆಳಗಿನ ಜಾವ ಕೂತು ನೋಡಿ. ಭೂಮಿಯ ಮುಂಜಾನೆಯ ಬದಿ ಉಲ್ಕೆಗಳಿಗೆ ಎದುರಾಗಿ ನುಗ್ಗುತ್ತಿರುತ್ತದೆ.

ಧ್ವನಿ ಗೊಗ್ಗರಾಗಿ, ಸ್ವರವೇ ಇಲ್ಲದೆ ಬರೀ ಬುಸುಗುಟ್ಟಿದರೆ ಅದು ಧ್ರುವಪ್ರಭೆ. ಆಂಟೆನಾ ಧ್ರುವದ ಕಡೆ ತಿರುಗಿಸಿ ಸಿಡಬ್ಲ್ಯೂ ಬಳಸಿ. ಕಾಂತೀಯ ಸಮಭಾಜಕದ ಎರಡೂ ಬದಿ ಸುಮಾರು ಸಮದೂರದಲ್ಲಿ ಇರುವವರಿಗೆ ಮಾರ್ಚ್, ಸೆಪ್ಟೆಂಬರ್ ಆಸುಪಾಸಿನ ಸಂಜೆಗಳಲ್ಲಿ ಇನ್ನೊಂದು ದಾರಿ ಸಿಗುತ್ತದೆ. ಅದರಲ್ಲಿ ಬರುವ ದನಿ ಪಟಪಟ ನಡುಗುತ್ತದೆ.

ಚಂದ್ರನಿಗೆ ತಾಗಿ ಬರುವ ಸಿಗ್ನಲ್ಲಿಗೆ ಹೋಗಿಬರಲು ಸುಮಾರು ಎರಡೂವರೆ ಸೆಕೆಂಡ್ ಬೇಕು. ದೊಡ್ಡ ಆಂಟೆನಾ ಸಾಲು ಇಲ್ಲದಿದ್ದರೆ ಆಗದು ಅಂತ ಬಿಟ್ಟುಬಿಡಬೇಡಿ. ಒಂದೇ ಉದ್ದನೆಯ ಯಾಗಿ ಇದ್ದವರು ಚಂದ್ರ ಹುಟ್ಟುವಾಗ ಅಥವಾ ಮುಳುಗುವಾಗ ಪ್ರಯತ್ನಿಸಿ. ನೆಲದಿಂದ ಚಿಮ್ಮಿದ ಅಲೆಯೂ ಜೊತೆಗೂಡಿ, ಒಳ್ಳೆ ಬಯಲಿದ್ದರೆ 6 ಡೆಸಿಬೆಲ್‌ವರೆಗೆ ಲಾಭ ಸಿಗುತ್ತದೆ. ಆ ಬದಿಯ ದೊಡ್ಡ ಸ್ಟೇಷನ್ ಉಳಿದ ಭಾರ ಹೊರುತ್ತದೆ, ಡಿಜಿಟಲ್ ಮೋಡ್ ಇದ್ದರೆ ಸಾಕು. ಯಾಗಿಯನ್ನು ಮೇಲೆತ್ತುವ ರೋಟೇಟರ್ ಕೂಡ ಬೇಕಾಗುವುದಿಲ್ಲ.