ಹೆಗಲು ನೋಯದಂತೆ ಚೀಲ ಹೊರುವುದು

ಮಡಿಕೇರಿಯ ಶುಕ್ರವಾರದ ಸಂತೆ ಮುಗಿಸಿ ಏರು ಹತ್ತುವಾಗ ಭಾರವೆಲ್ಲ ಒಂದೇ ಚೀಲಕ್ಕೆ ತುಂಬಿ ಒಂದೇ ಕಡೆ ನೇತುಹಾಕಬೇಡಿ. ಹಾಗೆ ಮಾಡಿದರೆ ಆ ಹೆಗಲು ತಾನಾಗಿ ಮೇಲೇಳುತ್ತದೆ, ಮೈ ಇನ್ನೊಂದು ಬದಿಗೆ ವಾಲುತ್ತದೆ, ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ಸ್ನಾಯು ಬಿಡುವಿಲ್ಲದೆ ಬಿಗಿದೇ ಇರುತ್ತದೆ. ನೋವು ಶುರುವಾಗುವುದು ಅಲ್ಲೇ. 6 ಕಿಲೋ ತರಕಾರಿಯನ್ನು ಎರಡು ಚೀಲ ಮಾಡಿ ಎರಡೂ ಕೈಗೆ ಹಂಚಿ. ಬೆರಳು ಕೊಯ್ಯುವ ಪ್ಲಾಸ್ಟಿಕ್ ಕವರಿಗಿಂತ ಅಗಲ ಹಿಡಿಯ ಬಟ್ಟೆಚೀಲ ಎಷ್ಟೋ ಮೇಲು.

ಬೆನ್ನಿಗೆ ಹಾಕುವ ಬ್ಯಾಗಿಗೆ ಎರಡೂ ಪಟ್ಟಿ ಬಳಸಲೇಬೇಕು. ಮೊದಲು ಪಟ್ಟಿ ಸಡಿಲಿಸಿ ಹೆಗಲಿಗೇರಿಸಿ. ಆಮೇಲೆ ಕೆಳಗಿನ ತುದಿ ಎಳೆಯುತ್ತಾ, ಬ್ಯಾಗಿನ ತಳ ಸೊಂಟದ ಮಟ್ಟಕ್ಕೆ ಬರುವಷ್ಟು ಬಿಗಿ ಮಾಡಿ. ಪೃಷ್ಠಕ್ಕೆ ಬಡಿಯುತ್ತಿದ್ದರೆ ಇನ್ನೂ ಸಡಿಲ ಇದೆ ಎಂದೇ ಅರ್ಥ. ಲ್ಯಾಪ್‌ಟಾಪ್, ದಪ್ಪ ಪುಸ್ತಕ ಬೆನ್ನಿಗೆ ತಾಗಿಕೊಂಡಿರಲಿ. ಕೊಡೆ, ಸ್ವೆಟರ್ ಹೊರಬದಿಗೆ. ಭಾರ ಬೆನ್ನಿನಿಂದ ದೂರವಾದಷ್ಟೂ ಹಿಂದಕ್ಕೆ ಜಗ್ಗುತ್ತದೆ, ನಮ್ಮ ಏರುಗಳಲ್ಲಂತೂ ಮೈ ಇನ್ನಷ್ಟು ಮುಂದೆ ಬಾಗಬೇಕಾಗುತ್ತದೆ.

ಮಳೆಗಾಲದಲ್ಲಿ ದಪ್ಪ ಬಟ್ಟೆಯ ಬ್ಯಾಗು ನೀರು ಕುಡಿದು ಭಾರವಾಗುತ್ತದೆ. ಮೇಲೆ ಮಳೆಕವರ್ ಹಾಕಿ, ಒದ್ದೆ ರೈನ್‌ಕೋಟನ್ನು ಕೊಡವಿಯೇ ಒಳಗಿಡಿ.

ಮಕ್ಕಳ ವಿಷಯದಲ್ಲಿ ರಾಜಿ ಬೇಡ. 2020ರ ಕೇಂದ್ರದ ಶಾಲಾಬ್ಯಾಗ್ ನೀತಿಯಂತೆ ದೇಹತೂಕದ ಶೇ. 10 ಮಿತಿ: 30 ಕಿಲೋ ತೂಗುವ ಮಗುವಿಗೆ 3 ಕಿಲೋ. ತುಂಬಿದ 1 ಲೀಟರ್ ಬಾಟಲಿಯೇ ಅದರಲ್ಲಿ ಒಂದು ಕಿಲೋ ನುಂಗುತ್ತದೆ. ಶಾಲೆಯಲ್ಲಿ ಕುಡಿಯುವ ನೀರಿದ್ದರೆ ಅರ್ಧ ತುಂಬಿಸಿ ಕಳಿಸಿ.

ಚೀಲ ಇಳಿಸಿದ ಮೇಲೂ ಕೈ ಜುಮ್ಮೆನ್ನುತ್ತಿದ್ದರೆ ನರ ಒತ್ತಿರಬಹುದು, ವೈದ್ಯರಿಗೆ ತೋರಿಸಿ.