ಮಿಲಿಟರಿ ರನ್‌ವೇಗೆ ಇಳಿಯುವ ಮುಂಚೆ: ನನ್ನ ಅನುಭವ

ಕಾರವಾರ, ಅಂಕೋಲಾ ಕಡೆಯವರಿಗೆ ವಿಮಾನ ಹತ್ತುವುದು ಅಂದರೆ ಎಷ್ಟೋ ವರ್ಷ ಗೋವಾದ ದಾಬೋಲಿಂ ಒಂದೇ. ಬೆಲ್ಟ್ ಕಟ್ಟಿಕೊಂಡು ಕೂತ ಮೇಲೂ ವಿಮಾನ ಹೊರಡದೆ ಸುಮ್ನೆ ನಿಂತಿದ್ದು ಹಲವರಿಗೆ ನೆನಪಿರಬಹುದು. ಆ ರನ್‌ವೇ ನೌಕಾಪಡೆಯದು. ನೆಲೆಯ ಹೆಸರು ಐಎನ್‌ಎಸ್ ಹಂಸ. ಪ್ರಯಾಣಿಕರ ವಿಮಾನಗಳಿಗೆ ಅಲ್ಲಿ ಒಂದು ಬದಿಯಲ್ಲಿ ಜಾಗ ಕೊಟ್ಟಿದ್ದಾರೆ ಅಷ್ಟೆ. ಮಿಗ್-29ಕೆ ಫೈಟರ್‌ಗಳು, ಪಿ-8ಐ ಕಣ್ಗಾವಲು ವಿಮಾನಗಳು, ಹೆಲಿಕಾಪ್ಟರ್‌ಗಳು ಎಲ್ಲವೂ ಅಲ್ಲಿಂದಲೇ ಹಾರುತ್ತವೆ.

ನಾನು ಅಂಕೋಲೆಯವನು. ವಿಮಾನ ಬಾಡಿಗೆಗೆ ಕೊಡುವ ಚಾರ್ಟರ್ ಕಂಪನಿಯೊಂದರಲ್ಲಿ ಕಿಂಗ್ ಏರ್ ಅನ್ನುವ ಸಣ್ಣ ಪ್ರೊಪೆಲ್ಲರ್ ವಿಮಾನ ಹಾರಿಸುತ್ತೇನೆ. ದಾಬೋಲಿಂ, ಬೀದರ್, ಪುಣೆ ಅಂತ ಸೇನೆಯ ರನ್‌ವೇಗಳಿಗೆ ಹೋಗಿಬರುವುದು ಕೆಲಸದ ಭಾಗ. ಈಗ ನಮ್ಮ ಅಲಗೇರಿಯಲ್ಲೇ ನೌಕಾಪಡೆಯ ವಿಮಾನ ನಿಲ್ದಾಣದ ಯೋಜನೆ ಇದೆ, ಅದರಲ್ಲೂ ನಾಗರಿಕರಿಗೆ ಒಂದು ಬದಿ ಇರುತ್ತದೆ. ಹಾಗಾಗಿ ಫ್ಲೈಯಿಂಗ್ ಸ್ಕೂಲ್ ಸೇರಿದ ಊರಿನ ಹುಡುಗ ಹುಡುಗಿಯರು ಸೇನೆಯ ರನ್‌ವೇಗೆ ಹೋಗುವಾಗ ಏನೇನು ನೋಡಿಕೊಳ್ಳಬೇಕು ಅಂತ ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾಗದದ ಕೆಲಸ ಮೊದಲು. ಚಾರ್ಟರ್ ವಿಮಾನ ಸೇನಾ ನೆಲೆಗೆ ಇಳಿಯಬೇಕಾದರೆ ಮುಂಚೆಯೇ ಅನುಮತಿ ಬೇಕು. ಹಾರುವ ದಿನ ಫ್ಲೈಟ್ ಪ್ಲಾನ್ ಜೊತೆ ಎಫ್‌ಐಸಿ ನಂಬರು, ಎಡಿಸಿ ನಂಬರು ಎರಡೂ ಕೈಗೆ ಬರಬೇಕು. ಎಫ್‌ಐಸಿ ನಂಬರು ಹಾರಾಟ ಮಾಹಿತಿ ಕೇಂದ್ರದವರು ಕೊಡುವುದು. ಎಡಿಸಿ ಅಂದರೆ ವಾಯುರಕ್ಷಣೆಯವರು ಕೊಡುವ ಒಪ್ಪಿಗೆ. ಅದಿಲ್ಲದೆ ಹೊರಟರೆ ಅವರ ರಾಡಾರ್‌ನಲ್ಲಿ ನೀವು ಯಾರೋ ಗೊತ್ತಿಲ್ಲದ ವಿಮಾನ. ಹೊರಡುವುದು ತಡವಾದರೆ ಎಲ್ಲರಿಗೂ ಮತ್ತೆ ತಿಳಿಸಬೇಕು. ರನ್‌ವೇ ಯಾವ ಹೊತ್ತು ತೆರೆದಿರುತ್ತದೆ ಅನ್ನುವುದೂ ಮುಖ್ಯ. ದಾಬೋಲಿಂನಲ್ಲಿ ವಾರದ ದಿನಗಳ ಬೆಳಗಿನ ಕೆಲವು ಗಂಟೆಗಳನ್ನು ನೌಕಾಪಡೆ ತನ್ನ ತರಬೇತಿಗೆ ಇಟ್ಟುಕೊಂಡು ಬಂದಿದೆ.

ದಾರಿಯನ್ನೂ ಮೊದಲೇ ನಕ್ಷೆ ಮೇಲೆ ಹಾಕಿಕೊಳ್ಳಬೇಕು. ಗೋವಾದಿಂದ ದಕ್ಷಿಣಕ್ಕೆ ಬರುವಾಗ ಕೈಗಾ ಅಣುಸ್ಥಾವರ ಒಂದು ಕಡೆ, ಕಾರವಾರದ ಕದಂಬ ನೌಕಾನೆಲೆ ಇನ್ನೊಂದು ಕಡೆ. ಸಮುದ್ರದಲ್ಲಿ ಗುಂಡು ಹಾರಿಸುವ ಅಭ್ಯಾಸ ಇದ್ದರೆ ನೋಟಮ್, ಅಂದರೆ ಪೈಲಟ್‌ಗಳಿಗೆ ಕೊಡುವ ಎಚ್ಚರಿಕೆಯ ಸೂಚನೆ, ಬಂದಿರುತ್ತದೆ. ಮನೆ ಕಾಣುತ್ತದಾ ನೋಡೋಣ ಅಂತ ಸ್ವಲ್ಪ ಪಕ್ಕಕ್ಕೆ ತಿರುಗುವ ಆಕಾಶ ಅಲ್ಲ ಅದು.

ಇದೆಲ್ಲ ಆದ ಮೇಲೂ ನಾನು ನೆಲೆಯ ಎಟಿಸಿಗೆ (ವಿಮಾನ ಸಂಚಾರ ನಿಯಂತ್ರಿಸುವವರಿಗೆ) ಒಂದು ಫೋನ್ ಮಾಡುತ್ತೇನೆ. ಫೈಟರ್‌ಗಳ ಹಾರಾಟ ಇದೆಯಾ, ರನ್‌ವೇ ತುದಿಯ ಬ್ಯಾರಿಯರ್ ಎದ್ದಿದೆಯಾ ಮಲಗಿದೆಯಾ, ಕೇಬಲ್ ಹಾಕಿದ್ದಾರಾ (ಇವೆರಡರ ವಿಷಯ ಮುಂದೆ ಹೇಳುತ್ತೇನೆ), ನಾವು ಎಲ್ಲಿ ನಿಲ್ಲಿಸಬೇಕು, ಹಕ್ಕಿಗಳು ಹೇಗಿವೆ. ಐದು ನಿಮಿಷದ ಮಾತು. ನೋಟಮ್‌ನಲ್ಲಿ ಸಿಗದ ಸಂಗತಿ ಎಷ್ಟೋ ಸಲ ಇದರಲ್ಲಿ ಸಿಕ್ಕಿದೆ. ಡ್ಯೂಟಿಯಲ್ಲಿರುವ ಅಧಿಕಾರಿಗಳು ಬೇಸರ ಮಾಡಿಕೊಂಡಿದ್ದು ನಾನು ನೋಡಿಲ್ಲ. ಕೇಳಿ ಬರುವ ಪೈಲಟ್ ಅವರಿಗೂ ಬೇಕು.

ಇನ್ನು ಗಾಳಿಯಲ್ಲಿ. ನನ್ನ ಪ್ರಕಾರ ಸೇನಾ ನೆಲೆಯ ದೊಡ್ಡ ಅಪಾಯ ರೇಡಿಯೋದಲ್ಲಿ ಕೇಳಿಸದ ವಿಮಾನ. ನಾವು ಮಾತಾಡುವುದು ವಿಎಚ್‌ಎಫ್ ಅನ್ನುವ ರೇಡಿಯೋ ತರಂಗಗಳಲ್ಲಿ. ಫೈಟರ್‌ಗಳು ಹೆಚ್ಚಾಗಿ ಯುಎಚ್‌ಎಫ್‌ನಲ್ಲಿ, ಅದು ಬೇರೆಯೇ ತರಂಗ. ಕಂಟ್ರೋಲರ್ ಎರಡರಲ್ಲೂ ಒಟ್ಟಿಗೆ ಮಾತಾಡಿದರೆ ಅವರ ಮಾತು ನಮಗೆ ಕೇಳುತ್ತದೆ, ಫೈಟರ್ ಪೈಲಟ್‌ನ ಉತ್ತರ ಕೇಳುವುದಿಲ್ಲ. ನಾಗರಿಕ ವಿಮಾನ ನಿಲ್ದಾಣದಲ್ಲಿ ಬೇರೆಯವರ ಮಾತು ಕೇಳಿಯೇ ಯಾರು ಎಲ್ಲಿದ್ದಾರೆ ಅಂತ ತಲೆಯಲ್ಲಿ ಒಂದು ಚಿತ್ರ ಮಾಡಿಕೊಳ್ಳುತ್ತೇವೆ, ಅಲ್ವಾ? ಇಲ್ಲಿ ಆ ಚಿತ್ರ ಅರ್ಧ ಮಾತ್ರ. ರೇಡಿಯೋ ಶಾಂತವಾಗಿದೆ ಅಂದರೆ ಆಕಾಶ ಖಾಲಿ ಅಂತ ಅಲ್ಲ. ಅನುಮಾನ ಬಂದರೆ ನಾನು ನೇರವಾಗಿ ಕೇಳುತ್ತೇನೆ: ಸರ್ಕ್ಯೂಟ್‌ನಲ್ಲಿ (ಇಳಿಯಲು ರನ್‌ವೇ ಸುತ್ತ ಹಾರುವ ದಾರಿಯಲ್ಲಿ) ಬೇರೆ ಯಾರಿದ್ದಾರೆ, ಎಷ್ಟು ಎತ್ತರದಲ್ಲಿ?

ಫೈಟರ್‌ಗಳು ಇಳಿಯುವ ರೀತಿಯೇ ಬೇರೆ. ನಮ್ಮ ಹಾಗೆ ದೂರದಿಂದ ನೇರ ಇಳಿಜಾರಿನಲ್ಲಿ ಯಾವಾಗಲೂ ಬರುವುದಿಲ್ಲ. ರನ್‌ವೇ ಉದ್ದಕ್ಕೂ ಮೇಲಿನಿಂದ ವೇಗವಾಗಿ ಹಾದು, ಥಟ್ಟನೆ ಒಂದು ಬದಿಗೆ ವಾಲಿ, ಸಣ್ಣ ಸುತ್ತು ಹಾಕಿ ಇಳಿಯುತ್ತವೆ. ಆ ವಾಲುವಿಕೆಗೆ ಬ್ರೇಕ್ ಅನ್ನುತ್ತಾರೆ. ಹಾದು ಬರುವಾಗಿನ ವೇಗ ಗಂಟೆಗೆ 500 ಕಿ.ಮೀ.ಗೂ ಜಾಸ್ತಿ ಇರುತ್ತದೆ. ನನ್ನ ಕಿಂಗ್ ಏರ್ ಕೊನೆಯ ಹಂತದಲ್ಲಿ 200ರ ಆಸುಪಾಸು. ಹಿಂದೆ ಎಲ್ಲೋ ಇದ್ದದ್ದು ನಾಲ್ಕು ಮಾತು ಮುಗಿಯುವಷ್ಟರಲ್ಲಿ ತಲೆ ಮೇಲಿರುತ್ತದೆ. ನಾನು ಹೊಸಬನಾಗಿದ್ದಾಗ ಜೊತೆಗಿದ್ದ ಕುಮಟಾ ಕಡೆಯ ಹಿರಿಯ ಕ್ಯಾಪ್ಟನ್ ಒಬ್ಬರು ಹೇಳಿದ್ದರು: "ತಮಾ, ಇಲ್ಲಿ ರನ್‌ವೇ ಒಂದನ್ನೇ ನೋಡ್ತಾ ಕೂರಬೇಡ. ಅದರ ಮೇಲೂ ನೋಡು." ಗೋ-ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರುವುದು, ಮಾಡಬೇಕಾಗಿ ಬಂದರೆ ಈ ಮಾತು ಇನ್ನೂ ಮುಖ್ಯ. ಸುಮ್ನೆ ಮೂತಿ ಎತ್ತಿ ಮೇಲಕ್ಕೆ ಹೋದರೆ ಫೈಟರ್‌ಗಳು ಹಾಯುವ ದಾರಿಗೇ ಹೋಗಿ ಸೇರುತ್ತೇವೆ. ಎಷ್ಟು ಎತ್ತರಕ್ಕೆ ಏರಬೇಕು, ಯಾವ ಕಡೆ ತಿರುಗಬೇಕು ಅಂತ ಇಳಿಯುವ ಮುಂಚೆಯೇ ಕೇಳಿಟ್ಟುಕೊಳ್ಳುವುದು ನನ್ನ ರೂಢಿ.

ಎತ್ತರದ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಎತ್ತರ ತೋರಿಸುವ ಆಲ್ಟಿಮೀಟರ್‌ಗೆ ಗಾಳಿಯ ಒತ್ತಡದ ಅಂಕಿಯನ್ನು ಹೆಕ್ಟೋಪಾಸ್ಕಲ್ ಲೆಕ್ಕದಲ್ಲಿ ಹಾಕಬೇಕು. ನಾವು ಕ್ಯೂಎನ್‌ಎಚ್ ಅನ್ನುವ ಅಂಕಿ ಹಾಕುತ್ತೇವೆ, ಅದು ಸಮುದ್ರ ಮಟ್ಟದಿಂದ ಎತ್ತರ ತೋರಿಸುತ್ತದೆ. ಸೇನಾ ಪೈಲಟ್‌ಗಳಲ್ಲಿ ಕ್ಯೂಎಫ್‌ಇ ಬಳಸುವ ಹಳೆಯ ಪದ್ಧತಿ ಇದೆ, ಅದು ರನ್‌ವೇಯಿಂದ ಎತ್ತರ ತೋರಿಸುತ್ತದೆ. ಬೀದರ್‌ನಂಥ ಕಡೆ ರನ್‌ವೇಯೇ 2,000 ಅಡಿಗೂ ಮೇಲಿದೆ. ಎರಡು ಅಂಕಿಗಳ ನಡುವೆ 70 ಹೆಕ್ಟೋಪಾಸ್ಕಲ್‌ಗೂ ಜಾಸ್ತಿ ಅಂತರ. ತಪ್ಪಿದರೆ ಕೂಡಲೇ ಗೊತ್ತಾಗುತ್ತದೆ. ಕರಾವಳಿಯಲ್ಲಿ ಹಾಗಲ್ಲ. ದಾಬೋಲಿಂ ರನ್‌ವೇ ಸುಮಾರು 180 ಅಡಿ ಎತ್ತರದಲ್ಲಿದೆ, ಅಂತರ ಬರೀ ಆರು ಹೆಕ್ಟೋಪಾಸ್ಕಲ್. 1002 ಅಂದರೂ ನಂಬುತ್ತೇವೆ, 1008 ಅಂದರೂ ನಂಬುತ್ತೇವೆ. ಮಳೆಗಾಲದಲ್ಲಿ ಮೋಡ ಕೆಳಗಿಳಿದಿದ್ದಾಗ, ಕ್ಯೂಎನ್‌ಎಚ್ ಹಾಕಿಕೊಂಡು ಕ್ಯೂಎಫ್‌ಇ ಲೆಕ್ಕದ ಎತ್ತರಕ್ಕೆ ಇಳಿದರೆ ನೆಲ 180 ಅಡಿ ಹತ್ತಿರ ಬಂದಿರುತ್ತದೆ. ಅದಕ್ಕೇ ಅಂಕಿಯನ್ನು ಮಾತ್ರ ಓದಿ ಹೇಳುವುದಿಲ್ಲ. ಕ್ಯೂಎನ್‌ಎಚ್ ಅನ್ನುವ ಪದವನ್ನೂ ಸೇರಿಸಿ ಹೇಳುತ್ತೇನೆ, ಅವರಿಂದಲೂ ಕೇಳಿಸಿಕೊಳ್ಳುತ್ತೇನೆ.

ರನ್‌ವೇ ಮೇಲಿನ ವಸ್ತುಗಳ ವಿಷಯ. ಫೈಟರ್ ನಿಲ್ಲದೆ ಮುಂದೆ ಹೋದರೆ ಹಿಡಿಯಲು ರನ್‌ವೇ ತುದಿಯಲ್ಲಿ ದೊಡ್ಡ ನೈಲಾನ್ ಬಲೆ ಇರುತ್ತದೆ. ಅದೇ ಬ್ಯಾರಿಯರ್. ಆಗ್ರಾದ ಎಡಿಆರ್‌ಡಿಇ ಅನ್ನುವ ಡಿಆರ್‌ಡಿಒ ಸಂಸ್ಥೆ ನಮ್ಮಲ್ಲೇ ಇದನ್ನು ರೂಪಿಸಿದೆ. ನಮ್ಮಂಥ ಪ್ರೊಪೆಲ್ಲರ್ ವಿಮಾನಕ್ಕೆ ಅದು ಸಹಾಯ ಅಲ್ಲ, ಅಡ್ಡಿ. ಕೆಲವು ನೆಲೆಗಳಲ್ಲಿ ರನ್‌ವೇಗೆ ಅಡ್ಡಲಾಗಿ ಉಕ್ಕಿನ ಕೇಬಲ್ ಕೂಡ ಇರುತ್ತದೆ. ಮೂಗಿನ ಚಕ್ರ ಅದಕ್ಕೆ ಬಡಿದರೆ ಸಣ್ಣ ವಿಮಾನಕ್ಕೆ ಪೆಟ್ಟು ಖಂಡಿತ. ಕೇಬಲ್ ದಾಟಿ ಚಕ್ರ ಇಳಿಸಬೇಕು, ಉಳಿದ ಉದ್ದ ಸಾಕಾ ಅಂತ ಮೊದಲೇ ಲೆಕ್ಕ ಹಾಕಬೇಕು. ರನ್‌ವೇ ಪಕ್ಕದಿಂದ ಕೆಂಪು ಫ್ಲೇರ್ ಹಾರಿದರೆ, ಮೊದಲು ಯಾವ ಅನುಮತಿ ಸಿಕ್ಕಿದ್ದರೂ ಸದ್ಯಕ್ಕೆ ಇಳಿಯಬಾರದು.

ಇಳಿದ ಮೇಲೆ ಹೇಳಿದ ದಾರಿಯಲ್ಲೇ ಹೋಗಬೇಕು. ಆಯುಧ ತುಂಬಿದ ವಿಮಾನದ ಮೂತಿಯ ಮುಂದೆ ಹಾಯಬಾರದು. ಇಂಜಿನ್ ಓಡುತ್ತಿರುವ ಫೈಟರ್ ಹಿಂದೆಯೂ ಬೇಡ. ರೆಕ್ಕೆ ತಿರುಗುತ್ತಿರುವ ಹೆಲಿಕಾಪ್ಟರ್‌ನಿಂದ ಅದರ ರೆಕ್ಕೆಸುತ್ತಿನ ಅಗಲದ ಮೂರು ಪಟ್ಟಾದರೂ ದೂರ ಇರಬೇಕು. ಹಂಸದಲ್ಲಿ ಹಡಗಿನ ಡೆಕ್ಕಿನ ಹಾಗೆ ಮೇಲಕ್ಕೆ ಬಾಗಿದ ಸ್ಕೀ-ಜಂಪ್ ಕಟ್ಟಿದ್ದಾರೆ. ನೌಕಾಪಡೆಯ ತೇಜಸ್ 2014ರ ಡಿಸೆಂಬರ್‌ನಲ್ಲಿ ಅದರ ಮೇಲಿಂದ ಮೊದಲ ಸಲ ಹಾರಿತು. ಪ್ರಯಾಣಿಕರಿಗೆ ಅದರ ಫೋಟೋ ಬೇಕು ಅನಿಸುತ್ತದೆ, ಸಹಜ. ಆದರೆ ಫೋಟೋ, ವಿಡಿಯೋ ಎರಡೂ ನಿಷೇಧ. ಇಳಿಯುವ ಮುಂಚೆಯೇ ನಾನು ಹಿಂದೆ ತಿರುಗಿ ಹೇಳಿಬಿಡುತ್ತೇನೆ.

ಇಂಧನದಲ್ಲಿ ಜಿಪುಣತನ ಬೇಡ. 2019ರ ಜೂನ್‌ನಲ್ಲಿ ದಾಬೋಲಿಂನಿಂದ ಏರುತ್ತಿದ್ದ ಮಿಗ್-29ಕೆಯ ಇಂಧನ ಟ್ಯಾಂಕ್ ಕಳಚಿ ರನ್‌ವೇ ಮೇಲೆ ಬಿದ್ದು ಬೆಂಕಿ ಹೊತ್ತಿಕೊಂಡಿತು. ರನ್‌ವೇ ಕೆಲ ಹೊತ್ತು ಮುಚ್ಚಿತು. ನೆಲದಲ್ಲಿ ಏನೂ ಆಗದಿದ್ದರೂ, ಇಂಧನ ಕಡಿಮೆಯಾದ ಫೈಟರ್ ಬಂದರೆ ಅದಕ್ಕೇ ಮೊದಲ ಜಾಗ, ನಾವು ಸುತ್ತು ಹಾಕುತ್ತಾ ಕಾಯಬೇಕು. ಕಾಯುವುದಕ್ಕೂ, ಆಮೇಲೆ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗುವುದಕ್ಕೂ ಸಾಕಾಗುವಷ್ಟು ತುಂಬಿಸಿಕೊಳ್ಳುತ್ತೇನೆ. 2023ರ ಜನವರಿಯಿಂದ ಗೋವಾದ ಎರಡನೇ ವಿಮಾನ ನಿಲ್ದಾಣ ಮೋಪಾ ಇರುವುದು ದೊಡ್ಡ ಅನುಕೂಲ. ಆದರೆ ಮಳೆಗಾಲದಲ್ಲಿ ಒಂದೇ ಮೋಡ ಎರಡೂ ಕಡೆ ಕವಿದಿರಬಹುದು, ಅದಕ್ಕೆ ಘಟ್ಟದ ಮೇಲಿನ ಒಂದು ನಿಲ್ದಾಣವೂ ಲೆಕ್ಕದಲ್ಲಿರಲಿ.

ಕೊನೆಗೆ ಹಕ್ಕಿಗಳು. ಇದು ಪೈಲಟ್‌ಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ, ನಮ್ಮ ಊರಿಗೂ ಸಂಬಂಧಿಸಿದ್ದು. 2019ರ ನವೆಂಬರ್‌ನಲ್ಲಿ ಗೋವಾದಲ್ಲಿ ಹಕ್ಕಿ ಬಡಿದು ಒಂದು ಮಿಗ್-29ಕೆ ಬಿದ್ದುಹೋಯಿತು. ಇಬ್ಬರೂ ಪೈಲಟ್‌ಗಳು ಹೊರಜಿಗಿದು ಉಳಿದರು. ಕರಾವಳಿಯಲ್ಲಿ ಮೀನು ಇದ್ದಲ್ಲಿ ಹದ್ದು ಇದ್ದೇ ಇರುತ್ತದೆ. 1937ರ ವಿಮಾನ ನಿಯಮಗಳಲ್ಲಿ 91ನೇ ನಿಯಮದ ಪ್ರಕಾರ ವಿಮಾನ ನಿಲ್ದಾಣದ 10 ಕಿ.ಮೀ. ಸುತ್ತ ಹಕ್ಕಿಗಳನ್ನು ಸೆಳೆಯುವ ಕಸ, ಮೀನು ಮಾಂಸದ ಅಂಗಡಿಗಳ ತ್ಯಾಜ್ಯ ಎಸೆಯುವಂತಿಲ್ಲ. ಅಲಗೇರಿಗೆ ಬೇಲೇಕೇರಿ ಬಂದರು ಎಷ್ಟು ಹತ್ತಿರ ಅಂತ ನಮಗೆಲ್ಲ ಗೊತ್ತು. ಅಲ್ಲಿ ದಂಡೆಯಲ್ಲಿ ಮೀನು ಒಣಗಿಸಿ ಬದುಕುವ ಹೆಂಗಸರಿದ್ದಾರೆ. ವಿಮಾನ ಹಾರಲು ಶುರುವಾದ ಮೇಲೆ ಅವರನ್ನು ಎಬ್ಬಿಸಿ ಕಳಿಸುವುದು ನ್ಯಾಯ ಅಲ್ಲ. ಬಲೆ ಹೊದಿಸಿದ ಒಣಗಿಸುವ ಶೆಡ್‌ಗಳು, ಮೀನಿನ ತ್ಯಾಜ್ಯವನ್ನು ದಿನಾ ಸಾಗಿಸುವ ಗಾಡಿ, ಇವೆರಡನ್ನು ರನ್‌ವೇ ಕೆಲಸದ ಜೊತೆಗೇ ಮಾಡಿಸಬೇಕು ಅಂತ ನಾನು ಸಿಕ್ಕ ಸಭೆಯಲ್ಲೆಲ್ಲ ಕೇಳುತ್ತಿದ್ದೇನೆ. ಪಂಚಾಯಿತಿಯಲ್ಲಿ ಕೂರುವವರು, ಮೀನುಗಾರರ ಸಂಘದವರು ಇದನ್ನು ಓದುತ್ತಿದ್ದರೆ ನೀವೂ ಈಗಲೇ ಕೇಳಿ.