ಸತ್ಯ ಆಯೋಗಕ್ಕೆ ಸದಸ್ಯರನ್ನು ಆರಿಸುವುದು ಹೇಗೆ?

ಕರಾವಳಿಯ ಕೊರಗ ಬುಡಕಟ್ಟು ಸಮುದಾಯದ ಮೇಲೆ ಹೇರಿದ್ದ ಅಜಲು ಪದ್ಧತಿಯನ್ನು ಕರ್ನಾಟಕ ಸರ್ಕಾರ 2000ದ ಕಾಯ್ದೆಯ ಮೂಲಕ ನಿಷೇಧಿಸಿತು. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವಂಥ ಈ ಪದ್ಧತಿ ಅಂದಿನಿಂದ ಅಪರಾಧ. ಕಾಯ್ದೆಗೆ ಶಿಕ್ಷೆ ವಿಧಿಸಲು ಗೊತ್ತು. ತಿಂದವರ ನೋವನ್ನು ಊರಿನವರೆಲ್ಲರ ಎದುರು ಕೇಳಿಸಿ, ದಾಖಲಿಸಿ, ಮುಂದೆ ಒಟ್ಟಿಗೆ ಬಾಳುವ ದಾರಿ ಹುಡುಕುವುದಕ್ಕೆ ಬೇಕಾದದ್ದು ಸತ್ಯ ಮತ್ತು ಸಾಮರಸ್ಯ ಆಯೋಗ. ಉಡುಪಿ, ದಕ್ಷಿಣ ಕನ್ನಡಗಳಿಗೆ ಅಂಥದೊಂದು ಆಯೋಗ ಬಂತೆಂದು ಇಟ್ಟುಕೊಳ್ಳೋಣ. ಅದರಲ್ಲಿ ಕೂರುವವರನ್ನು ಆರಿಸುವ ಬಗೆ ಯಾವುದು?

ನಮ್ಮ ಕಡೆ ಸಮಿತಿ ಎಂದಕೂಡಲೇ ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆ ಕಣ್ಣಮುಂದೆ ಬರುತ್ತದೆ. ಮೊದಲ ಪುಟದಲ್ಲೇ ಗೌರವಾಧ್ಯಕ್ಷರು, ಕೆಳಗೆ ಊರಿನ ಹಳೆಯ ಜಮೀನ್ದಾರಿ ಮನೆತನಗಳಾದ ಗುತ್ತಿನ ಮನೆಯವರು, ಉದ್ಯಮಿಗಳು, ಶಾಸಕರು. ಗರ್ಭಗುಡಿಗೆ ತಾಮ್ರದ ಮಾಡು ಹೊದಿಸಲು ಆ ಪಟ್ಟಿ ಸರಿ. ಸತ್ಯ ಆಯೋಗಕ್ಕೆ ಅದೇ ಪಟ್ಟಿಯನ್ನು ಎತ್ತಿಕೊಂಡರೆ, ಯಾರ ಅಂಗಳದಲ್ಲಿ ಅನ್ಯಾಯ ನಡೆದಿತ್ತೋ ಅವರ ಎದುರಿಗೇ ನೊಂದವರು ಬಾಯಿಬಿಡಬೇಕಾದೀತು.

ಆದ್ದರಿಂದ ಹೆಸರುಗಳಿಗೆ ಮೊದಲು ಕೆಲಸವನ್ನು ಬರೆದಿಡಿ. ಯಾವ ಕಾಲದ, ಯಾವ ಬಗೆಯ ಅನ್ಯಾಯ? ಅಧಿಕಾರಿಗಳನ್ನು ಕರೆಸುವ, ಕಡತ ತರಿಸುವ ಅಧಿಕಾರ ಇದೆಯೇ? ಎಷ್ಟು ಸದಸ್ಯರು? ವರ್ಣಭೇದ ಆಳ್ವಿಕೆಯ ಅನ್ಯಾಯಗಳನ್ನು ವಿಚಾರಿಸಿದ ದಕ್ಷಿಣ ಆಫ್ರಿಕಾದ ಸತ್ಯ ಆಯೋಗದಲ್ಲಿ 17 ಮಂದಿ ಇದ್ದರು, ಸಿಯೆರಾ ಲಿಯೋನ್‌ನಲ್ಲಿ 7. ಎರಡು ಜಿಲ್ಲೆಗಳಿಗೆ ಏಳು ಜನ ಸಾಕೆಂದು ನನಗೆ ಅನ್ನಿಸುತ್ತದೆ.

ಎರಡನೆಯ ಹೆಜ್ಜೆ ಆಯ್ಕೆ ಸಮಿತಿ. ನನ್ನ ಮಟ್ಟಿಗೆ ಎಲ್ಲವೂ ನಿಂತಿರುವುದು ಇದರ ಮೇಲೆ. 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ನಮ್ಮಲ್ಲಿ ಸರ್ಕಾರವೇ ಸದಸ್ಯರನ್ನು ನೇಮಿಸುತ್ತದೆ. ಬಹುತೇಕ ನಿವೃತ್ತ ನ್ಯಾಯಾಧೀಶರು ಬರುತ್ತಾರೆ. ದಕ್ಷಿಣ ಆಫ್ರಿಕಾ 1995ರಲ್ಲಿ ಬೇರೆ ದಾರಿ ಹಿಡಿಯಿತು. ಪಕ್ಷಗಳ ಜತೆಗೆ ನಾಗರಿಕ ಸಂಘಟನೆಗಳ ಪ್ರತಿನಿಧಿಗಳೂ ಇದ್ದ ಸಮಿತಿ ಸಾರ್ವಜನಿಕರಿಂದ ಹೆಸರುಗಳನ್ನು ಕೇಳಿತು. 299 ಹೆಸರುಗಳು ಬಂದವು. ಐವತ್ತಕ್ಕೆ ಸಮೀಪ ಜನರನ್ನು ಬಹಿರಂಗವಾಗಿ ಸಂದರ್ಶಿಸಿ, 25 ಹೆಸರುಗಳನ್ನು ಅಧ್ಯಕ್ಷ ನೆಲ್ಸನ್ ಮಂಡೇಲಾ ಅವರಿಗೆ ಕಳುಹಿಸಲಾಯಿತು. ಅವರು 17 ಮಂದಿಯನ್ನು ನೇಮಿಸಿದರು. ಅವರಲ್ಲಿ ಇಬ್ಬರು ಆ ಪಟ್ಟಿಯಲ್ಲೇ ಇರಲಿಲ್ಲ. ಪಟ್ಟಿ ಮೀರಿದರೆ ಕಾರಣವನ್ನು ಬರೆದು ಪ್ರಕಟಿಸಬೇಕು ಎಂಬ ನಿಯಮವನ್ನು ನಾವು ಮೊದಲೇ ಸೇರಿಸಿಕೊಳ್ಳುವುದು ಒಳ್ಳೆಯದು.

ಹೆಸರು ಆಹ್ವಾನಿಸುವಾಗ ಪತ್ರಿಕಾ ಪ್ರಕಟಣೆ ಸಾಲದು. ತುಳು, ಕೊಂಕಣಿ, ಬ್ಯಾರಿ ಭಾಷೆಗಳಲ್ಲೂ ತಿಳಿಸಬೇಕು. ಕೊರಗರ ಕಾಲೊನಿಗಳಿಗೆ ಹೋಗಿ, ಅರ್ಜಿ ತುಂಬಲು ಬಾರದವರಿಂದ ಬಾಯಿಮಾತಿನಲ್ಲೇ ಹೆಸರು ಪಡೆಯಬೇಕು.

ಅನಂತರ ಜಾಲಾಡುವಿಕೆ, ಅಂದರೆ ಬಂದ ಹೆಸರುಗಳ ಹಿನ್ನೆಲೆ ಪರಿಶೀಲನೆ. ದಕ್ಷಿಣ ಆಫ್ರಿಕಾದ ಕಾಯ್ದೆ ನಿಷ್ಪಕ್ಷಪಾತಿಗಳನ್ನು, ರಾಜಕೀಯದಲ್ಲಿ ಎದ್ದುಕಾಣದವರನ್ನು ಬಯಸಿತ್ತು. ಪ್ರತಿಯೊಬ್ಬರಿಂದಲೂ ಆಸ್ತಿ, ಪಕ್ಷ, ಹಿಂದಿನ ಹುದ್ದೆ, ತನಿಖೆಗೆ ಒಳಪಡುವ ಘಟನೆಗಳೊಂದಿಗಿನ ನಂಟು ಇವುಗಳ ಲಿಖಿತ ಘೋಷಣೆ ಪಡೆದು, ಆಕ್ಷೇಪಣೆಗೆ ಕನಿಷ್ಠ ಮೂವತ್ತು ದಿನ ಕೊಡಿ. ಇದನ್ನು ಅವಸರದಲ್ಲಿ ಮುಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಕೀನ್ಯಾ ಇದೆ. ಸರ್ಕಾರಿ ಭದ್ರತಾ ಪಡೆಗಳು ಜನರನ್ನು ಕೊಂದ 1984ರ ವಗಾಲಾ ಹತ್ಯಾಕಾಂಡವೂ ಅಲ್ಲಿನ ಸತ್ಯ ಆಯೋಗದ ವಿಚಾರಣೆಗೆ ಸೇರಿತ್ತು; ಅದರೊಂದಿಗೆ ನಂಟಿತ್ತೆಂಬ ಆಕ್ಷೇಪ ಆಯೋಗದ ಅಧ್ಯಕ್ಷ ಬೆಥುಯೆಲ್ ಕಿಪ್ಲಗಾಟ್ ಅವರ ಮೇಲೆಯೇ ಎದ್ದಿತು. 2010ರಲ್ಲಿ ಅವರು ಬದಿಗೆ ಸರಿದರು, 2012ರಲ್ಲಿ ಮರಳಿದರು. ನಡುವಿನ ಅಮೂಲ್ಯ ಕಾಲ ಈ ಜಗಳದಲ್ಲೇ ಸವೆಯಿತು.

ಇನ್ನು ಸಂದರ್ಶನ. ಪದವಿ, ಅನುಭವ ಅರ್ಜಿಯಲ್ಲೇ ಇರುತ್ತವೆ. ಇಲ್ಲಿ ನೋಡಬೇಕಾದದ್ದು ಕಿವಿಯನ್ನು. ಉಡುಪಿ ಕಡೆಯ ಒಂದು ಪಂಚಾಯಿತಿ ಸಭೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಬಿಳಲಿನ ಬುಟ್ಟಿಗಳನ್ನು ಹೊತ್ತು ಬಂದಿದ್ದ ಕೊರಗ ಅಜ್ಜಿ, ಒಳಗೆ ಕುರ್ಚಿಗಳು ಖಾಲಿ ಇದ್ದರೂ ಬಾಗಿಲ ಹೊರಗೇ ನಿಂತಿದ್ದರು. ಮೇಜಿನ ಆಚೆಯಿಂದ ಕನ್ನಡದಲ್ಲಿ ಬಂದ ಪ್ರಶ್ನೆಗಳಿಗೆಲ್ಲ ಅವರದು ಒಂದೇ ಉತ್ತರ: ‘ಹೌದು ಸ್ವಾಮಿ.’ ಮನೆ ಸಿಕ್ಕಿದೆಯೇ ಎಂದರೂ ಹೌದು, ಸಿಕ್ಕಿಲ್ಲವೇ ಎಂದರೂ ಹೌದು. ಕೊನೆಗೆ ಅವರದೇ ಕಾಲೊನಿಯ ಹುಡುಗಿಯೊಬ್ಬಳು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಳು. ಅಜ್ಜಿಯೂ ಕುಳಿತರು. ಅವರ ಭಾಷೆಯಲ್ಲೇ ಆಕೆ ಏನೋ ಕೇಳಿದಳು. ಅರ್ಧ ಗಂಟೆ ಅಜ್ಜಿಯ ಮಾತು ನಿಲ್ಲಲಿಲ್ಲ. ಒಳಗಿದ್ದವರ ಕಡತದಲ್ಲಿ ಅದರ ಒಂದು ಸಾಲೂ ದಾಖಲಾಗಲಿಲ್ಲ.

ಆಯೋಗಕ್ಕೆ ಬೇಕಾದವರು ಆ ಹುಡುಗಿಯಂಥವರು. ಸಂದರ್ಶನದಲ್ಲಿ ಅಭ್ಯರ್ಥಿಗೆ ಒಂದು ಸನ್ನಿವೇಶ ಕೊಡಿ: ಸಾಕ್ಷಿ ಹತ್ತು ನಿಮಿಷ ಮೌನವಾಗಿದ್ದಾರೆ, ನೀವು ಏನು ಮಾಡುತ್ತೀರಿ? ಆರೋಪ ಹೊತ್ತವರು ನಿಮ್ಮ ಸಂಬಂಧಿಕರಾದರೆ? ಉತ್ತರಗಳನ್ನು ಸಭಿಕರೆದುರೇ ಕೇಳಿಸಿಕೊಳ್ಳಿ.

ಅಂತಿಮ ಪಟ್ಟಿಯಲ್ಲಿ ಕಾನೂನು ಬಲ್ಲವರು, ವೈದ್ಯರು ಅಥವಾ ಮನೋವೈದ್ಯರು, ಇತಿಹಾಸ ಬಲ್ಲವರು ಇರಲಿ. ಲೈಬೀರಿಯಾದ ಸತ್ಯ ಆಯೋಗದ ಕಾಯ್ದೆ ಒಂಬತ್ತು ಸದಸ್ಯರಲ್ಲಿ ಕನಿಷ್ಠ ನಾಲ್ವರು ಮಹಿಳೆಯರಿರಬೇಕೆಂದು ಹೇಳಿತ್ತು. ನಮ್ಮ ಏಳರಲ್ಲಿ ಮೂವರಾದರೂ ಬೇಕು. ಕೊರಗರ ಪ್ರತಿನಿಧಿಯೊಬ್ಬರನ್ನು ಹೆಸರಿಗೆ ಸೇರಿಸಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಇಬ್ಬರಿಗಿಂತ ಕಡಿಮೆಯಾದರೆ ಆ ಒಬ್ಬರ ದನಿ ಮೇಜಿನ ಮೇಲೆ ಒಂಟಿಯಾಗಿಬಿಡುತ್ತದೆ.

ಕೊನೆಯದಾಗಿ, ಯಾರಾದರೂ ಬಿಟ್ಟುಹೋದರೆ ಮುಂದೇನು ಎಂಬುದನ್ನೂ ನೇಮಕದ ದಿನವೇ ಬರೆದಿಡಿ. ಕೆನಡಾದ ಸತ್ಯ ಆಯೋಗಕ್ಕೆ 2008ರಲ್ಲಿ ನೇಮಕಗೊಂಡ ಅಧ್ಯಕ್ಷರು ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು, ಉಳಿದಿಬ್ಬರು ಸದಸ್ಯರೂ ಹೊರನಡೆದರು; ಮೂವರು ಹೊಸಬರು ಬರುವ ಹೊತ್ತಿಗೆ 2009ರ ಜೂನ್ ಆಗಿತ್ತು. ಸಂದರ್ಶನದಲ್ಲಿ ಮುಂದಿನ ಸ್ಥಾನ ಪಡೆದ ಇಬ್ಬರ ಹೆಸರುಗಳನ್ನು ಕಾಯ್ದಿರಿಸಿ, ಏಳು ಹೆಸರುಗಳ ಜತೆಗೇ ಪ್ರಕಟಿಸಿ. ಆ ಪಟ್ಟಿಯನ್ನು ಜಿಲ್ಲಾಧಿಕಾರಿ ಕಚೇರಿಯ ಫಲಕಕ್ಕೆ ಅಂಟಿಸುವ ಮೊದಲು ಕಾಲೊನಿಗಳಲ್ಲಿ ಓದಿ ಹೇಳಿ.